ಪಂಡಿತಾ ರಮಾಬಾಯಿಯವರು

ಸಹ್ಯಾದ್ರಿಯ ಗಂಗಾಮೂಲದ ಅರಣ್ಯದಲ್ಲಿ 1858ರಲ್ಲಿ ಜನಿಸಿದ ರಮಾಬಾಯಿಯವರು ತಾಯಿಯ ಬಾಯಿಂದಲೇ ಸಂಸ್ಕೃತವನ್ನು ಕಲಿತರು. ಕ್ಷಾಮದಲ್ಲಿ ತಂದೆತಾಯಿಗಳನ್ನು ಕಳೆದುಕೊಂಡು, ಅಣ್ಣನೊಡನೆ ಕಾಲ್ನಡೆಯಾಗಿ ದೇಶವನ್ನು ಸಂಚರಿಸಿ, 1878ರಲ್ಲಿ ಕಲ್ಕತ್ತೆಯ ವಿದ್ವಾಂಸರಿಂದ ಸರಸ್ವತಿಯೆಂಬ ಬಿರುದನ್ನು ಪಡೆದರು. ಮದುವೆಯಾಗಿ ಎರಡು ವರ್ಷ ತುಂಬುವುದರೊಳಗೆ ವಿಧವೆಯಾದರು. 1883ರಲ್ಲಿ ಇಂಗ್ಲೆಂಡಿನಲ್ಲಿ ಪುಟ್ಟ ಮಗಳೊಡನೆ ದೀಕ್ಷಾಸ್ನಾನವನ್ನು ಹೊಂದಿದರು.

ಆದರೂ ಮನಸ್ಸಿಗೆ ಸಮಾಧಾನವಿರಲಿಲ್ಲ. 1889ರಲ್ಲಿ ಬೊಂಬಾಯಿಯಲ್ಲಿ ವಿಧವೆಯರಿಗಾಗಿ ಶಾರದಾಸದನವನ್ನು ತೆರೆದು ಹಗಲಿರುಳು ದುಡಿದರೂ ಪಾಪದ ಭಾರವು ಇಳಿಯಲಿಲ್ಲ. ದೀಕ್ಷಾಸ್ನಾನವಾಗಿ ಸುಮಾರು ಎಂಟು ವರ್ಷಗಳ ಮೇಲೆ, ತಾವು ಮತವನ್ನು ಹಿಡಿದಿದ್ದರೂ ಕರ್ತನನ್ನೇ ಹಿಡಿದಿರಲಿಲ್ಲವೆಂದು ಅರಿತುಕೊಂಡರು. ರಕ್ಷಣೆಯು ಪಾಂಡಿತ್ಯಕ್ಕಾಗಲಿ ಸತ್ಕ್ರಿಯೆಗಾಗಲಿ ದೊರೆಯುವ ಕೂಲಿಯಲ್ಲ, ದೇವರ ಕೃಪಾದಾನವೆಂದು ನಂಬಿ, ಬರಿಗೈಯಲ್ಲಿ ಆತನಿಗೆ ಶರಣಾದರು.

ಆ ಕೈಗಳು ಸುಮ್ಮನಿರಲಿಲ್ಲ. 1896-97ರ ಕ್ಷಾಮದಲ್ಲಿ ಮಧ್ಯಪ್ರಾಂತದಿಂದ ನೂರಾರು ಅನಾಥ ಬಾಲೆಯರನ್ನು ಕರೆತಂದರು. ಪುಣೆಯ ಸಮೀಪದ ಕೇಡಗಾಂವಿನ ಮುಕ್ತಿಸದನವು ಅವರಿಗೆ ತವರಾಯಿತು. ಇಬ್ರಿಯ ಗ್ರೀಕು ಭಾಷೆಗಳನ್ನು ಕಲಿತು ಸತ್ಯವೇದವನ್ನು ಸರಳವಾದ ಮರಾಠಿಗೆ ತಿರುಗಿಸಿದರು. 1921ರಲ್ಲಿ ಒಬ್ಬಳೇ ಮಗಳು ತೀರಿಕೊಂಡಾಗಲೂ ಆ ಕೆಲಸವನ್ನು ಬಿಡದೆ, 1922ರ ಏಪ್ರಿಲ್ 5ರಂದು ಕರ್ತನಲ್ಲಿ ನಿದ್ರೆಹೋದರು.

ಪ್ರಿಯ ಪೂರ್ವವಿದ್ಯಾರ್ಥಿನಿಯರೇ, ತಂದೆತಾಯಿಗಳೇ, ನಮ್ಮ ಶಾಲೆಯಲ್ಲಿ ನಾವು ವಿದ್ಯೆಯನ್ನು ಕಲಿಸಬಲ್ಲೆವು. ಕೃಪೆಯನ್ನು ದೇವರಿಂದಲೇ ಬೇಡಿ ಪಡೆಯಬೇಕು. ನಮ್ಮ ಹೆಣ್ಣುಮಕ್ಕಳು ಎರಡನ್ನೂ ಹೊಂದಲೆಂಬುದೇ ನಮ್ಮ ಪ್ರಾರ್ಥನೆ.