ಕಬ್ಬಿಣವನ್ನು ನಂಬದ ಬ್ರೇಡ್‌ವುಡ್

ಜೇಮ್ಸ್ ಬ್ರೇಡ್‌ವುಡ್ ಅಂದ್ರೆ ಬ್ರಿಟನ್ನಿನ ಅಗ್ನಿಶಾಮಕ ದಳದವರಿಗೆ ಇವತ್ತಿಗೂ ಮನೆಮಾತು. ನಮ್ಮ ಸಿವಿಲ್ ಸಿಲಬಸ್ಸಿನಲ್ಲಿ ಮಾತ್ರ ಆತನ ಹೆಸರು ಬರೋದಿಲ್ಲ. ಬಂದಿದ್ದರೆ ಚೆನ್ನಾಗಿತ್ತು. ವಸ್ತು ಉರಿಯದಿದ್ದರೆ ಸಾಕು, ಕಟ್ಟಡ ಬೆಂಕಿಗೆ ಜಗ್ಗೋದಿಲ್ಲ ಅಂತ ಎಲ್ಲರೂ ನಂಬಿದ್ದ ಕಾಲದಲ್ಲಿ, ಆ ನಂಬಿಕೆ ತಪ್ಪು ಅಂತ ಇಂಜಿನಿಯರುಗಳ ಮುಂದೆಯೇ ನಿಂತು ಹೇಳಿದವನು ಆತ.

ಹುಟ್ಟಿದ್ದು 1800ರಲ್ಲಿ, ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ. ಅಪ್ಪನದು ಮರಗೆಲಸ, ಮನೆ ಕಟ್ಟಿಸುವ ಕೆಲಸ. ಮಗ ಸರ್ವೇ ಕಲಿತ. ಹಾಗಾಗಿ ಗೋಡೆಯ ಮೇಲೆ ತೊಲೆ ಹೇಗೆ ಕೂರುತ್ತೆ, ಮಹಡಿಯ ಭಾರ ಎಲ್ಲಿ ಇಳಿಯುತ್ತೆ ಅನ್ನೋದು ಚಿಕ್ಕಂದಿನಿಂದಲೇ ಗೊತ್ತಿತ್ತು. 1824ರಲ್ಲಿ ಊರಿನ ಅಗ್ನಿಶಾಮಕ ಯಂತ್ರಗಳ ಮುಖ್ಯಸ್ಥನಾದಾಗ ಆತನಿಗೆ 24 ವರ್ಷ. ಸ್ವಲ್ಪ ದಿನಗಳಲ್ಲೇ, ನವೆಂಬರ್ 15ಕ್ಕೆ, ಊರಿಗೆ ಊರೇ ನೆನಪಿಟ್ಟುಕೊಳ್ಳುವಂಥ ಬೆಂಕಿ ಬಿತ್ತು. ದಿನಗಟ್ಟಲೆ ಉರಿದು ಸುಮಾರು 400 ಮನೆಗಳು ಹೋದವು. ಆಮೇಲೆ ಆತ ದಳವನ್ನು ಹೊಸದಾಗಿಯೇ ಕಟ್ಟಿದ. ಹೆಂಚು ಹೊದಿಸುವವರು, ಬಡಗಿಗಳು, ಗಾರೆಯವರು, ಪ್ಲಂಬರುಗಳು, ಹೀಗೆ ಕಟ್ಟಡ ಗೊತ್ತಿದ್ದವರನ್ನೇ ಆರಿಸಿ ನಸುಕಿನ ಕತ್ತಲಲ್ಲಿ ತರಬೇತಿ ಕೊಟ್ಟ. 1830ರಲ್ಲಿ ಈ ಬಗ್ಗೆ ಪುಸ್ತಕವನ್ನೂ ಬರೆದ.

ಅಲ್ಲಿಯವರೆಗೆ ಬೆಂಕಿ ಆರಿಸೋದು ಅಂದ್ರೆ ಬೀದಿಯಲ್ಲಿ ನಿಂತು ಕಿಟಕಿಗಳ ಕಡೆ ನೀರು ಹಾರಿಸೋದು. ಬ್ರೇಡ್‌ವುಡ್ ಬೇರೆ ದಾರಿ ಹಿಡಿದ. ಒಳಗೆ ಹೋಗಿ, ಬೆಂಕಿಯ ಬುಡ ಹುಡುಕಿ, ಅಲ್ಲಿಗೇ ನೀರು ಬಿಡಬೇಕು. ಆದರೆ ಒಳಗೆ ಕಳಿಸಿದ ಹುಡುಗರ ತಲೆಯ ಮೇಲಿನ ಸೂರು ಇನ್ನೂ ಎಷ್ಟು ಹೊತ್ತು ನಿಲ್ಲುತ್ತೆ? ಇದನ್ನು ಸರಿಯಾಗಿ ಅಂದಾಜು ಮಾಡದಿದ್ದರೆ ಹೆಣ ಹೊರಗೆ ಬರುತ್ತೆ. ಇವತ್ತು ನಾವು 'ಫೈರ್ ರೆಸಿಸ್ಟೆನ್ಸ್' ಅಂತ ಗಂಟೆಗಳಲ್ಲಿ ಅಳೆಯೋದು ಇದೇ ಪ್ರಶ್ನೆಯ ಉತ್ತರವನ್ನು.

1833ರಲ್ಲಿ ಲಂಡನ್ನಿನ ಇನ್ಶೂರೆನ್ಸ್ ಕಂಪನಿಗಳು ಸೇರಿ ಒಂದು ದಳ ಮಾಡಿಕೊಂಡು, ಆತನನ್ನು ಕರೆಸಿಕೊಂಡವು. 80 ಜನ, ಕಾಯೋಕೆ ಇಡೀ ಲಂಡನ್. ಮರುವರ್ಷವೇ ಪಾರ್ಲಿಮೆಂಟ್ ಭವನ ಸುಟ್ಟುಹೋಯಿತು. ಅದರ ಪಕ್ಕದ ಪುರಾತನ ವೆಸ್ಟ್‌ಮಿನ್‌ಸ್ಟರ್ ಹಾಲ್ ಉಳಿಯಿತು. ಆದರೆ ಆತನ ನಿಜವಾದ ಚಿಂತೆ ಥೇಮ್ಸ್ ದಂಡೆಯ ಗೋದಾಮುಗಳದ್ದು.

ಅಷ್ಟೊತ್ತಿಗೆ ಮರದ ಕಂಬಗಳ ಜಾಗಕ್ಕೆ ಎರಕದ ಕಬ್ಬಿಣ ಬಂದಿತ್ತು. 1797ರಲ್ಲಿ ಶ್ರೂಸ್‌ಬರಿಯಲ್ಲಿ ಕಟ್ಟಿದ ನಾರಿನ ಗಿರಣಿಗೆ ಕಂಬ, ತೊಲೆ ಎಲ್ಲ ಕಬ್ಬಿಣದ್ದೇ, ಮೇಲೆ ಇಟ್ಟಿಗೆಯ ಕಮಾನು. ಕಬ್ಬಿಣ ಉರಿಯಲ್ಲ, ಇಟ್ಟಿಗೆಯೂ ಉರಿಯಲ್ಲ. ಅಂದಮೇಲೆ ಇಂಥ ಕಟ್ಟಡ ಫೈರ್‌ಪ್ರೂಫ್ ಅಂತ ಎಲ್ಲರೂ ಒಪ್ಪಿಬಿಟ್ಟರು.

ಬ್ರೇಡ್‌ವುಡ್ ಒಪ್ಪಲಿಲ್ಲ. 1849ರಲ್ಲಿ ಲಂಡನ್ನಿನ ಸಿವಿಲ್ ಇಂಜಿನಿಯರುಗಳ ಸಂಸ್ಥೆಯಲ್ಲಿ ಇದರ ಬಗ್ಗೆಯೇ ಪ್ರಬಂಧ ಓದಿದ. ಆತನ ವಾದವನ್ನು ಇವತ್ತಿನ ಲೆಕ್ಕದಲ್ಲಿ ನೋಡೋಣ. ಕಟ್ಟಡ ಉರಿಯದಿರಬಹುದು, ಒಳಗಿನ ಸರಕು ಉರಿಯುತ್ತಲ್ಲ! 10 ಮೀಟರ್ ಉದ್ದದ ಕಬ್ಬಿಣದ ತೊಲೆ 500 ಡಿಗ್ರಿಯಷ್ಟು ಬಿಸಿಯೇರಿದರೆ 5 ಸೆಂಟಿಮೀಟರಿಗೂ ಹೆಚ್ಚು ಹಿಗ್ಗಿ, ಗೋಡೆಯನ್ನು ಹೊರಕ್ಕೆ ನೂಕುತ್ತೆ. ಎರಕದ ಕಬ್ಬಿಣ ಎಳೆತಕ್ಕೆ ಮೊದಲೇ ದುರ್ಬಲ, ಕಾದಾಗ ತಣ್ಣೀರು ಬಿದ್ದರೆ ಬಿರುಕು ಬಿಡಬಹುದು. ಒಂದು ಕಂಬ ಮುರಿದರೆ ಮೇಲಿನ ಕಮಾನುಗಳೂ ಸಾಲಾಗಿ ಕೂರುತ್ತವೆ, ಅದೂ ಮುನ್ಸೂಚನೆ ಇಲ್ಲದೆ. ದಪ್ಪ ಮರದ ತೊಲೆಯಾದ್ರೆ ನಿಮಿಷಕ್ಕೆ ಒಂದು ಮಿಲಿಮೀಟರಿಗೂ ಕಡಿಮೆ ಇದ್ದಿಲಾಗುತ್ತಾ, ಒಳಗಿನ ತಿರುಳಿನ ಮೇಲೆ ಭಾರ ಹೊತ್ತು ನಿಂತಿರುತ್ತೆ. ಅದಕ್ಕೇ, ಬೆಂಕಿ ಬಲವಾದ ಮೇಲೆ ಕಬ್ಬಿಣದ ಆಧಾರವಿರುವ ಗೋದಾಮಿನೊಳಗೆ ಆತ ತನ್ನವರನ್ನು ಬಿಡುತ್ತಿರಲಿಲ್ಲ. ಒಳಗೆ ನುಗ್ಗೋದನ್ನು ಕಲಿಸಿದವನೇ ಇಲ್ಲಿ ಬೇಡ ಅಂದ.

ಗೋದಾಮುಗಳನ್ನು ಗೋಡೆ ಹಾಕಿ ಚಿಕ್ಕ ಚಿಕ್ಕ ಭಾಗ ಮಾಡಬೇಕು, ನಡುವೆ ಕಬ್ಬಿಣದ ಬಾಗಿಲಿರಬೇಕು, ಅದು ಮುಚ್ಚಿರಬೇಕು ಅನ್ನೋದು ಆತನ ಇನ್ನೊಂದು ಹಟ.

1861ರ ಜೂನ್ 22, ಶನಿವಾರ ಸಂಜೆ. ಟೂಲಿ ಸ್ಟ್ರೀಟಿನ ಕಾಟನ್ಸ್ ವಾರ್ಫ್ ಗೋದಾಮಿಗೆ ಬೆಂಕಿ ಬಿತ್ತು. ಒಳಗೆ ಸೆಣಬು, ಹತ್ತಿ, ಸಕ್ಕರೆ, ಕೊಬ್ಬು, ಪೆಟ್ಲುಪ್ಪು. ಕಬ್ಬಿಣದ ಬಾಗಿಲುಗಳಿದ್ದವು, ಆದರೆ ಮುಚ್ಚಿರಲಿಲ್ಲ. ಬೆಂಕಿ ಕೋಣೆಯಿಂದ ಕೋಣೆಗೆ ಆರಾಮಾಗಿ ದಾಟಿತು. ದಣಿದ ತನ್ನ ಹುಡುಗರಿಗೆ ಬ್ರೇಡ್‌ವುಡ್ ಬ್ರಾಂದಿ ಹಂಚುತ್ತಿದ್ದಾಗ ಗೋಡೆಯೊಂದು ಹೊರಕ್ಕೆ ಕುಸಿದು ಆತನ ಮೇಲೆ ಬಿತ್ತು. ಅಲ್ಲೇ ಸತ್ತ. ಅವಶೇಷಗಳ ಅಡಿಯಿಂದ ದೇಹ ತೆಗೆಯಲು ದಿನಗಳೇ ಹಿಡಿದವು. ಬೆಂಕಿ ಎರಡು ವಾರ ಹೊಗೆಯಾಡಿತು. ಆತನ ಅಂತ್ಯಯಾತ್ರೆಗೆ ಲಂಡನ್ ಬೀದಿಗಳು ತುಂಬಿಹೋದವು. ನಷ್ಟ ತಾಳಲಾರದೆ ಇನ್ಶೂರೆನ್ಸ್ ಕಂಪನಿಗಳು ದಳ ನಮಗೆ ಬೇಡ ಅಂದವು. 1866ರಲ್ಲಿ ಲಂಡನ್ನಿಗೆ ಸರ್ಕಾರಿ ಅಗ್ನಿಶಾಮಕ ದಳ ಬಂತು.

ಎರಕದ ಕಬ್ಬಿಣ ಹೋಗಿ ಸ್ಟೀಲ್ ಬಂದರೂ ಮಾತು ಹಳತಾಗಿಲ್ಲ. ಸ್ಟೀಲ್ 600 ಡಿಗ್ರಿ ತಲುಪುವಷ್ಟರಲ್ಲಿ ಅದರ ಯೀಲ್ಡ್ ಸ್ಟ್ರೆಂತ್ ಅರ್ಧಕ್ಕಿಂತ ಕೆಳಗೆ ಇಳಿದಿರುತ್ತೆ. ಪ್ರಮಾಣಿತ ಪರೀಕ್ಷೆಯ ಕುಲುಮೆ 10 ನಿಮಿಷದಲ್ಲೇ 670 ಡಿಗ್ರಿ ದಾಟುತ್ತೆ. ಅದಕ್ಕೇ ಸ್ಟೀಲಿಗೆ ಹೊದಿಕೆ, ಕಾಂಕ್ರೀಟಿನ ಕಂಬಿಗೆ ಕವರ್. ಐಎಸ್ 456 ತೆಗೆದು 16ಎ ಟೇಬಲ್ ನೋಡಿ: ಸಿಂಪ್ಲಿ ಸಪೋರ್ಟೆಡ್ ಬೀಮ್ 1 ಗಂಟೆ ತಡೆಯಬೇಕಾದರೆ 20 ಮಿಲಿಮೀಟರ್ ಕವರ್, 2 ಗಂಟೆಗೆ 40. ಎಕ್ಸಾಮಿಗೆ ಬಾಯಿಪಾಠ ಮಾಡುವಾಗ ಅದು ಬರೀ ಅಂಕಿ. ಯಾರೋ ಒಬ್ಬರು ಹೊರಗೆ ಬರಲು, ಇನ್ಯಾರೋ ಅವರನ್ನು ಹುಡುಕಿಕೊಂಡು ಒಳಗೆ ಹೋಗಲು ಸಿಗುವ ಸಮಯ ಆ 20 ಮಿಲಿಮೀಟರಿನಲ್ಲಿದೆ.

ಹಾಗೇ, ಇನ್ನೊಮ್ಮೆ ಫೈರ್ ಡೋರಿಗೆ ಯಾರೋ ಇಟ್ಟಿಗೆ ಅಡ್ಡ ಇಟ್ಟಿದ್ದು ಕಂಡರೆ, ದಯವಿಟ್ಟು ತೆಗೆದುಹಾಕಿ.