ಪಾಲಕ್ಕಾಡಿನಿಂದ ಬಂದ ದಿವಾನ, ಬೆಂಗಳೂರಿಗೆ ಬಂದ ಬೆಳಕು

ಹಳೆಯ ಪೇಟೆಯ ಇಕ್ಕಟ್ಟಾದ ಓಣಿಗಳಿಂದ ಹೊರಬಂದು ಕೋಟೆಯ ಪಶ್ಚಿಮಕ್ಕೆ ನಡೆದರೆ ರಸ್ತೆಗಳು ಇದ್ದಕ್ಕಿದ್ದಂತೆ ನೇರವಾಗುತ್ತವೆ. ಮೇನ್‌ಗಳು, ಕ್ರಾಸ್‌ಗಳು, ಅಳತೆಯ ನಿವೇಶನಗಳು. ಅದೇ ಚಾಮರಾಜಪೇಟೆ. 1892ರಲ್ಲಿ ರೂಪುಗೊಂಡ ಈ ಬಡಾವಣೆಗೆ ಅಂದಿನ ಮಹಾರಾಜ ಹತ್ತನೆಯ ಚಾಮರಾಜೇಂದ್ರ ಒಡೆಯರ ಹೆಸರು ಬಂತು. ಅದೇ ಕಾಲದಲ್ಲಿ ಪೇಟೆಯ ಉತ್ತರಕ್ಕೆ ಬೆಳೆದ ಇನ್ನೊಂದು ಬಡಾವಣೆ ದಿವಾನರ ಹೆಸರು ಪಡೆದು ಶೇಷಾದ್ರಿಪುರವಾಯಿತು. ಬೆಂಗಳೂರಿನ ಬಸ್ಸಿನ ಬೋರ್ಡುಗಳಲ್ಲಿ ದಿನವೂ ಕಾಣುವ ಆ ಹೆಸರಿನ ಹಿಂದಿರುವ ವ್ಯಕ್ತಿ, ಸರ್ ಕೆ. ಶೇಷಾದ್ರಿ ಅಯ್ಯರ್, ಈ ನಾಡಿನವರಾಗಿರಲಿಲ್ಲ. ಹದಿನೆಂಟು ವರ್ಷ ಮೈಸೂರು ಸಂಸ್ಥಾನದ ದಿವಾನಗಿರಿ ನಡೆಸಿದ ಅವರನ್ನು ಹೊರಗಿನವರೆಂಬ ಮಾತು ಕೊನೆಯತನಕ ಬಿಡಲಿಲ್ಲ.

ಶೇಷಾದ್ರಿ ಅಯ್ಯರ್ ಜನಿಸಿದ್ದು 1845ರ ಜೂನ್ 1ರಂದು, ಪಾಲಕ್ಕಾಡಿನ ಸಮೀಪದ ಕುಮಾರಪುರಂನ ತಮಿಳು ಬ್ರಾಹ್ಮಣ ಕುಟುಂಬದಲ್ಲಿ. ಬಾಲ್ಯದಲ್ಲೇ ತಂದೆಯನ್ನು ಕಳೆದುಕೊಂಡ ಅವರು ಕಲ್ಲಿಕೋಟೆಯಲ್ಲಿ ಓದಿ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪದವಿ ಪಡೆದರು. ಅಂದಿನ ವಿದ್ಯಾವಂತ ತರುಣರಿಗೆ ವಿದ್ಯೆಯೇ ಬಂಡವಾಳ, ಉದ್ಯೋಗವಿದ್ದ ಕಡೆಯೇ ಊರು. ಸಿ. ರಂಗಾಚಾರ್ಲು ಅವರ ಪರಿಚಯದ ಬಲದಿಂದ 1868ರಲ್ಲಿ ಮೈಸೂರಿಗೆ ಬಂದು ಅಷ್ಟಗ್ರಾಮ ವಿಭಾಗದಲ್ಲಿ ನ್ಯಾಯಾಂಗ ಶಿರಸ್ತೇದಾರರಾದರು. ಸಂಸ್ಥಾನ ಆಗ ಬ್ರಿಟಿಷ್ ಕಮಿಷನರ ಆಡಳಿತದಲ್ಲಿತ್ತು. 1881ರಲ್ಲಿ ಅಧಿಕಾರ ಅರಸರಿಗೆ ಮರಳಿದಾಗ ರಂಗಾಚಾರ್ಲು ದಿವಾನರಾದರು. 1883ರ ಆರಂಭದಲ್ಲಿ ಅವರು ನಿಧನರಾಗಲು, ಮೂವತ್ತೇಳರ ಹರೆಯದ ಶೇಷಾದ್ರಿ ಅಯ್ಯರ್ ಆ ಸ್ಥಾನಕ್ಕೇರಿದರು.

ಅವರ ಕೈಗೆ ಬಂದ ನಾಡು ಹಸಿವಿನಿಂದ ಆಗಷ್ಟೇ ಎದ್ದಿತ್ತು. 1876ರಿಂದ 1878ರವರೆಗಿನ ಮಹಾಕ್ಷಾಮದಲ್ಲಿ ಸಂಸ್ಥಾನದ ಜನಸಂಖ್ಯೆಯ ಸುಮಾರು ಐದನೆಯ ಒಂದು ಪಾಲು ನಾಶವಾಗಿತ್ತು. ಖಜಾನೆಯ ಮೇಲೆ ಬ್ರಿಟಿಷ್ ಸರ್ಕಾರದ ಸಾಲವಿತ್ತು. ಮಳೆಯನ್ನೇ ನಂಬಿದ ನಾಡು ಉಳಿಯಲಾರದೆಂಬುದು ಹೊಸ ದಿವಾನರಿಗೆ ಮನದಟ್ಟಾಗಿತ್ತು. ರೈಲು ಮಾರ್ಗ, ನೀರಾವರಿ, ಗಣಿ, ಗಿರಣಿ ಇವೆಲ್ಲ ಅವರ ದೃಷ್ಟಿಯಲ್ಲಿ ಕ್ಷಾಮಕ್ಕೆ ಉತ್ತರಗಳಾಗಿದ್ದವು. ಚಿತ್ರದುರ್ಗ ಜಿಲ್ಲೆಯ ಮಾರಿಕಣಿವೆಯ ಅಣೆಕಟ್ಟಿನ ಕೆಲಸ ಅವರ ಕಾಲದಲ್ಲೇ ಆರಂಭವಾಯಿತು. ಬೆಂಗಳೂರಿಗೆ ಹೆಸರಘಟ್ಟದಿಂದ ಕೊಳಾಯಿ ನೀರು ತಂದ ಚಾಮರಾಜೇಂದ್ರ ಜಲಸರಬರಾಜು ಯೋಜನೆಯೂ ಅವರದೇ. ಭೂಗರ್ಭ ಇಲಾಖೆ, ಕೃಷಿ ಬ್ಯಾಂಕು, ವಿಮೆ ಎಂದು ಪಟ್ಟಿ ಬೆಳೆಸಬಹುದು. ಆದರೆ ಅವರ ಆಡಳಿತದ ಹಿರಿಮೆ, ಕೊರತೆ ಎರಡನ್ನೂ ಒಟ್ಟಿಗೆ ತೋರಿಸುವುದು ಕೋಲಾರದ ಚಿನ್ನದ ಗಣಿ.

1880ರ ದಶಕದ ಮಧ್ಯದಲ್ಲಿ ಜಾನ್ ಟೇಲರ್ ಕಂಪನಿಯ ಉಸ್ತುವಾರಿಯಲ್ಲಿ ಸಮೃದ್ಧ ಅದಿರಿನ ಪದರ ದೊರೆತ ಮೇಲೆ ಬರಡು ಬಯಲಿನಲ್ಲಿ ಪಟ್ಟಣವೇ ಎದ್ದಿತು. ಉತ್ತರ ಆರ್ಕಾಟು, ಸೇಲಂ ಕಡೆಯಿಂದ ತಮಿಳು ಕೂಲಿಕಾರರು, ಗಡಿಯಾಚೆಯ ತೆಲುಗು ಜನರು, ಇಂಗ್ಲೆಂಡಿನ ಕಾರ್ನ್‌ವಾಲಿನ ಗಣಿಗಾರರು, ಇಟಲಿಯವರು, ಕಾವಲಿಗೆ ಪಂಜಾಬಿನವರು ಬಂದು ನೆಲೆಸಿದರು. 1901ರ ಜನಗಣತಿಯ ವೇಳೆಗೆ ಅಲ್ಲಿನ ಜನಸಂಖ್ಯೆ 38,000 ದಾಟಿತ್ತು. ಅದೇ ದಶಕಗಳಲ್ಲಿ ಅಮೆರಿಕದ ಪೆನ್ಸಿಲ್ವೇನಿಯ, ಷಿಕಾಗೋಗಳೂ ಯೂರೋಪಿನ ಬಡ ವಲಸಿಗರ ಬೆವರಿನಿಂದಲೇ ಬೆಳೆಯುತ್ತಿದ್ದವು. ಅಲ್ಲಿಯೂ ಇಲ್ಲಿಯೂ ಲಾಭ ಒಂದು ಕಡೆ ಹರಿಯಿತು, ಧೂಳು ಇನ್ನೊಂದು ಕಡೆ ಉಳಿಯಿತು. ಷಿಕಾಗೋದಲ್ಲಿ 1889ರಲ್ಲಿ ಜೇನ್ ಆಡಮ್ಸ್ ವಲಸಿಗರ ನಡುವೆಯೇ ನೆಲೆಸಿ ಹಲ್ ಹೌಸ್ ಎಂಬ ಸೇವಾಕೇಂದ್ರವನ್ನು ತೆರೆದರು. ಕೋಲಾರದ ಗಣಿಯಲ್ಲಿ ಬಹುಪಾಲು ದಲಿತರೇ ಆಗಿದ್ದ ಕಾರ್ಮಿಕರು ಬಿದಿರು ತಟ್ಟಿಯ ಗುಡಿಸಲುಗಳಲ್ಲಿ ಕಾಲ ಕಳೆದರು. ಸಂಸ್ಥಾನ ಚಿನ್ನದ ಮೇಲಿನ ರಾಜಧನವನ್ನು ಲೆಕ್ಕವಿಟ್ಟು ಪಡೆಯಿತು. ಆ ಗುಡಿಸಲುಗಳತ್ತ ಅದರ ಗಮನ ಅಷ್ಟಾಗಿ ಹರಿಯಲಿಲ್ಲ.

ಗಣಿ ಆಳಕ್ಕೆ ಇಳಿದಷ್ಟೂ ಶಕ್ತಿಯ ಅಗತ್ಯ ಹೆಚ್ಚಿತು. ಸೌದೆ, ಕಲ್ಲಿದ್ದಲು ದುಬಾರಿಯಾದವು. ಶಿವನಸಮುದ್ರದಲ್ಲಿ ಕಾವೇರಿ ನೂರಾರು ಅಡಿ ಧುಮುಕುತ್ತಿದ್ದಳು. ಆ ನೀರಿನಿಂದ ವಿದ್ಯುತ್ ತೆಗೆದು ಸುಮಾರು 147 ಕಿಲೋಮೀಟರ್ ದೂರದ ಗಣಿಗೆ ತಂತಿಯ ಮೂಲಕ ಒಯ್ಯುವ ಸಾಹಸಕ್ಕೆ ಶೇಷಾದ್ರಿ ಅಯ್ಯರ್ ಮನಸ್ಸು ಮಾಡಿದರು. ಅಮೆರಿಕದ ನಯಾಗರದಿಂದ ಬಫಲೋ ನಗರಕ್ಕೆ ವಿದ್ಯುತ್ ಹರಿದದ್ದು 1896ರಲ್ಲಿ. ಆ ದೂರ ಸುಮಾರು ನಲವತ್ತು ಕಿಲೋಮೀಟರ್. ಅದಕ್ಕೆ ಮೂರೂವರೆ ಪಟ್ಟು ದೂರವನ್ನು ಮೈಸೂರಿನಂಥ ಪುಟ್ಟ ಸಂಸ್ಥಾನ ದಾಟಹೊರಟಿತ್ತು. ಸೋತರೆ ಖಜಾನೆ ಮಾತ್ರವಲ್ಲ, ಪರದೇಶಿ ದಿವಾನರ ಹೆಸರೂ ನೆಲಕಚ್ಚುವುದರಲ್ಲಿ ಸಂದೇಹವಿರಲಿಲ್ಲ.

ಈ ಕಾರ್ಯಕ್ಕೆ ಕೈಹಾಕಿದವರನ್ನು ನೋಡಿದರೆ ವಲಸೆ ಎಂಬ ಪದಕ್ಕೆ ಬೇರೊಂದು ಅರ್ಥ ಹೊಳೆಯುತ್ತದೆ. ಯೋಜನೆ ರೂಪಿಸಿದ ಸಂಸ್ಥಾನದ ಉಪ ಮುಖ್ಯ ಎಂಜಿನಿಯರ್ ಜೋಲಿ ಡಿ ಲಾಟ್‌ಬಿನಿಯೇರ್ ಕೆನಡಾ ಮೂಲದವರು. ಯೂರೋಪು, ಅಮೆರಿಕಗಳಿಗೆ ಹೋಗಿ ವಿದ್ಯುತ್ ಸ್ಥಾವರಗಳನ್ನು ನೋಡಿ ಬಂದವರು. ನೀರ ಚಕ್ರಗಳು ಸ್ವಿಟ್ಜರ್ಲೆಂಡಿನ ಎಷರ್ ವೀಸ್ ಕಂಪನಿಯವು. ವಿದ್ಯುತ್ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯವು. ಆ ಕಂಪನಿಯ ಪ್ರತಿಭೆ ಎನಿಸಿದ ಸ್ಟೈನ್‌ಮೆಟ್ಜ್ ಸ್ವತಃ ಜರ್ಮನಿಯಿಂದ ಓಡಿಬಂದ ವಲಸಿಗ. ಅಮೆರಿಕದಿಂದ ಬಂದ ಎಚ್.ಪಿ. ಗಿಬ್ಸ್ ಎಂಬ ಎಂಜಿನಿಯರ್ ಇಲ್ಲಿ ದುಡಿದು, ಮುಂದೆ ಟಾಟಾ ಸಂಸ್ಥೆಯ ಜಲವಿದ್ಯುತ್ ಯೋಜನೆಗೆ ಮುಂಬಯಿಗೆ ಹೋದರು. ಭಾರದ ಯಂತ್ರಭಾಗಗಳು ಮದ್ದೂರು ರೈಲು ನಿಲ್ದಾಣದಿಂದ ಎತ್ತಿನ ಗಾಡಿ, ಆನೆಗಳ ಬಲದಿಂದ ಜಲಪಾತ ಸೇರಿದವು.

ಯಂತ್ರದ ವಿಷಯದಲ್ಲಿ ಇಷ್ಟು ದಿಟ್ಟರಾಗಿದ್ದ ದಿವಾನರು ಸಮಾಜದ ವಿಷಯದಲ್ಲಿ ಹೆಜ್ಜೆ ಎಣಿಸಿ ಇಟ್ಟರು. ಆದರೂ ಒಂದು ಹೆಜ್ಜೆ ಇಟ್ಟರು. 1894ರ ಬಾಲ್ಯವಿವಾಹ ನಿಷೇಧ ಕಾಯಿದೆ ಎಂಟು ವರ್ಷಕ್ಕಿಂತ ಕಡಿಮೆ ವಯಸ್ಸಿನ ಹುಡುಗಿಯ ಮದುವೆಯನ್ನೂ, ಐವತ್ತು ದಾಟಿದ ಪುರುಷ ಹದಿನಾಲ್ಕು ತುಂಬದ ಹುಡುಗಿಯನ್ನು ವರಿಸುವುದನ್ನೂ ಅಪರಾಧವಾಗಿಸಿತು. ಇಂದಿನ ಕಣ್ಣಿಗೆ ಎಂಟು ವರ್ಷ ಎಂಬುದೇ ದಿಗ್ಭ್ರಮೆ ಹುಟ್ಟಿಸುವ ಮಿತಿ; ವಿಧವೆಯಾದ ಬಾಲೆಯ ಪಾಡನ್ನು ಕಾಯಿದೆ ಮುಟ್ಟಲಿಲ್ಲ. ಆದರೆ ಬ್ರಿಟಿಷ್ ಇಂಡಿಯಾದಲ್ಲಿ ಶಾರದಾ ಕಾಯಿದೆ ಬಂದದ್ದು 1929ರಲ್ಲಿ, ಅದಕ್ಕೆ ಮೂವತ್ತೈದು ವರ್ಷ ಮೊದಲೇ ಈ ನೆಲದಲ್ಲಿ ಸರ್ಕಾರ ಮದುವೆಯ ಚಪ್ಪರದೊಳಕ್ಕೆ ಕಾಲಿಟ್ಟಿತ್ತು. ಧರ್ಮದ ವಿಚಾರದಲ್ಲಿ ಆಡಳಿತ ತಲೆಹಾಕಬಾರದೆಂದು ಸಂಪ್ರದಾಯಸ್ಥರು ಪ್ರತಿಭಟಿಸಿದರು. ಸಂಪ್ರದಾಯಸ್ಥ ಮನೆತನದಿಂದಲೇ ಬಂದ ದಿವಾನರು ಮಣಿಯಲಿಲ್ಲ.

ವಿರೋಧದ ಇನ್ನೊಂದು ಬೇರು ಇದಕ್ಕಿಂತ ಆಳವಾಗಿತ್ತು. ಮೇಲಿನ ಹುದ್ದೆಗಳಲ್ಲಿ ಮದರಾಸಿನ ಕಡೆಯವರೇ ತುಂಬಿದ್ದಾರೆಂಬ ಅಸಮಾಧಾನ ಮೈಸೂರಿನ ವಿದ್ಯಾವಂತರಲ್ಲಿ ಬೆಳೆಯಿತು. ತಾತಯ್ಯ ಎಂದು ಜನ ಪ್ರೀತಿಯಿಂದ ಕರೆದ ಎಂ. ವೆಂಕಟಕೃಷ್ಣಯ್ಯನವರ ಪತ್ರಿಕೆಗಳು ದಿವಾನರನ್ನು ನಿರಂತರ ಪ್ರಶ್ನಿಸಿದವು. 1891ರಲ್ಲಿ ಸಿವಿಲ್ ಸರ್ವಿಸ್ ಪರೀಕ್ಷೆ ಆರಂಭಿಸಿದ್ದೂ, ಪ್ರಜಾಪ್ರತಿನಿಧಿ ಸಭೆಗೆ ಚುನಾವಣೆಯ ಪದ್ಧತಿ ತಂದದ್ದೂ ಅವರ ಹೆಗ್ಗಳಿಕೆಯೇ. ಆದರೆ ನೌಕರಿ ಯಾರಿಗೆಂಬ ಪ್ರಶ್ನೆ ತಣ್ಣಗಾಗಲಿಲ್ಲ. ಆ ದೂರಿನಲ್ಲಿ ಹುರುಳಿತ್ತು ಎಂದು ಒಪ್ಪಲೇಬೇಕು. ವಾದಿಸಿದ ಎರಡೂ ಕಡೆಯವರು ಬಹುಮಟ್ಟಿಗೆ ಬ್ರಾಹ್ಮಣರೇ ಆಗಿದ್ದರೆಂಬುದನ್ನೂ ಮರೆಯುವಂತಿಲ್ಲ. ಉಳಿದ ಜಾತಿಗಳ ಪಾಲಿನ ಪ್ರಶ್ನೆಯನ್ನು ಸಂಸ್ಥಾನ ಗಂಭೀರವಾಗಿ ಎತ್ತಿಕೊಂಡದ್ದು 1918ರಲ್ಲಿ, ಮಿಲ್ಲರ್ ಸಮಿತಿಯ ನೇಮಕದೊಂದಿಗೆ.

1894ರ ಡಿಸೆಂಬರಿನಲ್ಲಿ ಮಹಾರಾಜರು ಕಲ್ಕತ್ತೆಯಲ್ಲಿ ಮೂವತ್ತೊಂದರ ಹರೆಯದಲ್ಲೇ ತೀರಿಕೊಂಡರು. ಮಹಾರಾಣಿ ವಾಣೀವಿಲಾಸ ಸನ್ನಿಧಾನ ರಾಜಪ್ರತಿನಿಧಿಯಾದರು. ಆಡಳಿತದ ಹೊಣೆ ಇನ್ನಷ್ಟು ದಿವಾನರ ಹೆಗಲೇರಿತು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಪೇಟೆಯ ಗಾಳಿ ಬೆಳಕಿಲ್ಲದ ಮನೆಗಳಲ್ಲಿ ಸಾವು ಸುಲಭವಾಗಿ ಹಬ್ಬಿತು. ಅಗಲ ರಸ್ತೆ, ಚರಂಡಿ, ಹಿತ್ತಿಲ ಓಣಿಗಳ ಚಾಮರಾಜಪೇಟೆಯ ಮಾದರಿ ಜನರಿಗೆ ಆಗ ಅರ್ಥವಾಯಿತು. ಬಸವನಗುಡಿ, ಮಲ್ಲೇಶ್ವರಂ ಅದರ ಬೆನ್ನಿಗೇ ಬೆಳೆದವು. ಬಸವನಗುಡಿಯ ದಕ್ಷಿಣಕ್ಕೆ ಜೆ.ಎನ್. ಟಾಟಾ ಜಪಾನಿನ ತಜ್ಞರನ್ನು ಕರೆಸಿ ರೇಷ್ಮೆ ತೋಟ ನಡೆಸಿದ್ದೂ ಈ ಕಾಲದಲ್ಲೇ. ಟಾಟಾ ಸಿಲ್ಕ್ ಫಾರಂ ಎಂಬ ಹೆಸರು ಅಲ್ಲಿ ಇನ್ನೂ ಉಳಿದಿದೆ.

ಆರೋಗ್ಯ ಕೆಟ್ಟು 1901ರ ಮಾರ್ಚಿಯಲ್ಲಿ ಶೇಷಾದ್ರಿ ಅಯ್ಯರ್ ನಿವೃತ್ತರಾದರು. ಅದೇ ವರ್ಷ ಸೆಪ್ಟೆಂಬರ್ 13ರಂದು ನಿಧನರಾದರು. ಶಿವನಸಮುದ್ರದ ವಿದ್ಯುತ್ ಕೋಲಾರದ ಗಣಿ ತಲುಪಿದ್ದು 1902ರ ಜೂನ್ 30ರಂದು. ಅದನ್ನು ಅವರು ನೋಡಲಿಲ್ಲ. ಸುಮಾರು 4,000 ಅಶ್ವಶಕ್ತಿ ಲಂಡನ್ನಿನ ಷೇರುದಾರರ ಗಣಿಗೆ ಮೊದಲು ಸಂದಿತು. ರಾಜಧಾನಿಯ ಜನ ಮೂರು ವರ್ಷ ಕಾಯಬೇಕಾಯಿತು. 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿಯಲ್ಲಿ ವಿದ್ಯುದ್ದೀಪ ಹೊತ್ತಿತು.

ಕಬ್ಬನ್ ಪಾರ್ಕಿನಲ್ಲಿ ಅವರ ಪ್ರತಿಮೆಯನ್ನು 1913ರಲ್ಲಿ ವೈಸ್‌ರಾಯ್ ಲಾರ್ಡ್ ಹಾರ್ಡಿಂಜ್ ಅನಾವರಣ ಮಾಡಿದರು. ಹಿಂದಿನ ಕೆಂಪು ಕಟ್ಟಡ, ಶೇಷಾದ್ರಿ ಅಯ್ಯರ್ ಸ್ಮಾರಕ ಭವನ, ಗ್ರಂಥಾಲಯವಾಯಿತು. ಅವರು ಕಟ್ಟಿಸಿದ ಕುಮಾರಕೃಪಾ ಸರ್ಕಾರದ ಅತಿಥಿಗೃಹವಾಯಿತು. ತಮಿಳು ಮನೆಮಾತಿನ ಈ ದಿವಾನರ ಕಾಲದ ಚಾಮರಾಜಪೇಟೆಯಲ್ಲೇ, ಪಂಪ ಮಹಾಕವಿ ರಸ್ತೆಯಲ್ಲಿ, 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತು ಮುಂದೆ ತನ್ನ ಮನೆ ಕಟ್ಟಿಕೊಂಡಿತು.