ಬೆನಗಲ್ ನರಸಿಂಗ ರಾವ್

ಸರ್ ಬೆನಗಲ್ ನರಸಿಂಗ ರಾವ್ (26 ಫೆಬ್ರವರಿ 1887 – 30 ನವೆಂಬರ್ 1953) ಅವರು ಕರಾವಳಿ ಕರ್ನಾಟಕ ಮೂಲದ ಆಡಳಿತಾಧಿಕಾರಿ, ಕಾನೂನು ತಜ್ಞ ಮತ್ತು ರಾಜತಾಂತ್ರಿಕರು. ಬಿ.ಎನ್. ರಾವ್ ಎಂಬ ಹೆಸರಿನಿಂದ ಹೆಚ್ಚು ಪರಿಚಿತರು. ಭಾರತದ ಸಂವಿಧಾನ ರಚನಾ ಸಭೆಗೆ ಸಂವಿಧಾನ ಸಲಹೆಗಾರರಾಗಿದ್ದ ಇವರು, ನಂತರ ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಯಾಗಿ ಸೇವೆ ಸಲ್ಲಿಸಿದರು. 1950ರ ಜೂನ್‌ನಲ್ಲಿ ಕೊರಿಯಾ ಯುದ್ಧ ಆರಂಭವಾದಾಗ ಭದ್ರತಾ ಮಂಡಳಿಯ ಅಧ್ಯಕ್ಷ ಸ್ಥಾನದಲ್ಲಿದ್ದವರು ಇವರೇ. 1952ರಿಂದ ನಿಧನದವರೆಗೆ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾಗಿದ್ದರು.

ಜನನ ಮತ್ತು ವಿದ್ಯಾಭ್ಯಾಸ

ನರಸಿಂಗ ರಾವ್ ಅವರು ಆಗಿನ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ದಕ್ಷಿಣ ಕೆನರಾ ಜಿಲ್ಲೆಯ ಚಿತ್ರಾಪುರ ಸಾರಸ್ವತ ಕುಟುಂಬದಲ್ಲಿ ಜನಿಸಿದರು. ತಂದೆ ಬೆನಗಲ್ ರಾಘವೇಂದ್ರ ರಾವ್ ವೈದ್ಯರಾಗಿದ್ದರು. ಸಹೋದರರಲ್ಲಿ ಬೆನಗಲ್ ರಾಮ ರಾವ್ ಜಪಾನ್ ಮತ್ತು ಅಮೆರಿಕದಲ್ಲಿ ಭಾರತವನ್ನು ಪ್ರತಿನಿಧಿಸಿ, ಬಳಿಕ 1949ರಿಂದ 1957ರವರೆಗೆ ಭಾರತೀಯ ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿದ್ದರು. ಮತ್ತೊಬ್ಬ ಸಹೋದರ ಬಿ. ಶಿವ ರಾವ್ ಪತ್ರಕರ್ತರು, ಸಂವಿಧಾನ ರಚನಾ ಸಭೆಯ ಸದಸ್ಯರು ಹಾಗೂ ಮೊದಲ ಲೋಕಸಭೆಯ ಸದಸ್ಯರಾಗಿದ್ದರು.

ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ ಓದಿದ ನರಸಿಂಗ ರಾವ್, ಮದ್ರಾಸಿನಲ್ಲಿ ಪದವಿ ಪಡೆದು ವಿದ್ಯಾರ್ಥಿವೇತನದ ನೆರವಿನಿಂದ ಇಂಗ್ಲೆಂಡಿಗೆ ತೆರಳಿದರು. ಕೇಂಬ್ರಿಡ್ಜ್‌ನ ಟ್ರಿನಿಟಿ ಕಾಲೇಜಿನಲ್ಲಿ ಶಿಕ್ಷಣ ಮುಗಿಸಿ ಇಂಡಿಯನ್ ಸಿವಿಲ್ ಸರ್ವಿಸ್ (ಐ.ಸಿ.ಎಸ್.) ಪರೀಕ್ಷೆಯಲ್ಲಿ ತೇರ್ಗಡೆಯಾದರು. ಜವಾಹರಲಾಲ್ ನೆಹರೂ ಅವರು ಇದೇ ಕಾಲೇಜಿನಲ್ಲಿ ಇವರ ಸಮಕಾಲೀನರಾಗಿದ್ದರು.

ಆಡಳಿತ ಸೇವೆ

1910ರಲ್ಲಿ ಭಾರತಕ್ಕೆ ಮರಳಿದ ರಾವ್ ಬಂಗಾಳದಲ್ಲಿ ನೇಮಕಗೊಂಡರು. 1925ರಲ್ಲಿ ಅಸ್ಸಾಮಿಗೆ ವರ್ಗವಾಗಿ, ಪ್ರಾಂತೀಯ ಶಾಸನ ಮಂಡಳಿಯ ಮತ್ತು ಕಾನೂನು ಇಲಾಖೆಯ ಕಾರ್ಯದರ್ಶಿಯಾಗಿ ದುಡಿದರು. ಮಸೂದೆಗಳನ್ನು ರಚಿಸುವ ಕೆಲಸದಲ್ಲಿ ಇವರು ಗಳಿಸಿದ ಪರಿಣತಿ ಮುಂದಿನ ಎಲ್ಲ ಹುದ್ದೆಗಳಿಗೂ ತಳಹದಿಯಾಯಿತು. 1935ರ ಭಾರತ ಸರ್ಕಾರ ಕಾಯ್ದೆ ಜಾರಿಗೆ ಬಂದಾಗ ದೇಶದ ಕಾನೂನುಗಳನ್ನು ಅದಕ್ಕೆ ಅನುಗುಣವಾಗಿ ಪರಿಷ್ಕರಿಸುವ ಹೊಣೆಯನ್ನು ಇವರಿಗೆ ವಹಿಸಲಾಯಿತು. 1938ರಲ್ಲಿ ಇವರಿಗೆ ಸರ್ ಪದವಿ ದೊರೆಯಿತು. ಮರುವರ್ಷ ಕಲ್ಕತ್ತಾ ಹೈಕೋರ್ಟಿನ ನ್ಯಾಯಾಧೀಶರಾದರು.

ಸಿಂಧೂ ನದಿಯ ನೀರಿನ ಬಳಕೆಯ ಬಗ್ಗೆ ಸಿಂಧ್ ಮತ್ತು ಪಂಜಾಬ್ ಪ್ರಾಂತ್ಯಗಳ ನಡುವೆ ಉಂಟಾದ ವಿವಾದವನ್ನು ವಿಚಾರಿಸಲು 1941ರಲ್ಲಿ ನೇಮಕವಾದ ಆಯೋಗಕ್ಕೆ ರಾವ್ ಅಧ್ಯಕ್ಷರಾಗಿದ್ದರು. ಅದೇ ವರ್ಷ ರಚಿತವಾದ ಹಿಂದೂ ಕಾನೂನು ಸಮಿತಿಯನ್ನೂ ಇವರೇ ಮುನ್ನಡೆಸಿದರು. ಈ ಸಮಿತಿ ಸಿದ್ಧಪಡಿಸಿದ ಕರಡು, 1955 ಮತ್ತು 1956ರಲ್ಲಿ ಜಾರಿಯಾದ ಹಿಂದೂ ವಿವಾಹ, ಉತ್ತರಾಧಿಕಾರ ಮೊದಲಾದ ಕಾಯ್ದೆಗಳಿಗೆ ಆಧಾರವಾಯಿತು. ನಿವೃತ್ತಿಯ ನಂತರ 1944ರಲ್ಲಿ ಜಮ್ಮು ಮತ್ತು ಕಾಶ್ಮೀರ ಸಂಸ್ಥಾನದ ಪ್ರಧಾನಮಂತ್ರಿಯಾದರು. ಮಹಾರಾಜ ಹರಿಸಿಂಗ್ ಅವರೊಂದಿಗೆ ಮೂಡಿದ ಭಿನ್ನಾಭಿಪ್ರಾಯದಿಂದ 1945ರಲ್ಲಿ ಆ ಹುದ್ದೆಯನ್ನು ತ್ಯಜಿಸಿದರು.

ಸಂವಿಧಾನ ಸಲಹೆಗಾರ

1946ರಲ್ಲಿ ರಾವ್ ಅವರನ್ನು ಸಂವಿಧಾನ ರಚನಾ ಸಭೆಯ ಸಲಹೆಗಾರರನ್ನಾಗಿ ನೇಮಿಸಲಾಯಿತು. ಈ ಕೆಲಸವನ್ನು ಅವರು ಗೌರವ ಸೇವೆಯಾಗಿ, ವೇತನವಿಲ್ಲದೆ ನಿರ್ವಹಿಸಿದರು. ವಿವಿಧ ದೇಶಗಳ ಸಂವಿಧಾನಗಳ ಮುಖ್ಯಾಂಶಗಳನ್ನು ಸಂಗ್ರಹಿಸಿ ಸದಸ್ಯರಿಗೆ ಒದಗಿಸಿದ್ದಲ್ಲದೆ, 1947ರ ಅಕ್ಟೋಬರ್ ವೇಳೆಗೆ ಮೊದಲ ಕರಡನ್ನು ಸಿದ್ಧಪಡಿಸಿದರು. ಡಾ. ಬಿ.ಆರ್. ಅಂಬೇಡ್ಕರ್ ಅಧ್ಯಕ್ಷತೆಯ ಕರಡು ಸಮಿತಿಯು ಈ ಕರಡನ್ನು ಪರಿಶೀಲಿಸಿ ವ್ಯಾಪಕವಾಗಿ ಪರಿಷ್ಕರಿಸಿತು. ಸಂವಿಧಾನ ರಚನೆಯ ಶ್ರೇಯಸ್ಸಿನಲ್ಲಿ ರಾವ್ ಅವರಿಗೂ ಪಾಲಿದೆ ಎಂದು ಅಂಬೇಡ್ಕರ್ ಅವರು 1949ರ ನವೆಂಬರ್ 25ರ ಭಾಷಣದಲ್ಲಿ ತಿಳಿಸಿದರು.

ಕರಡು ಸಿದ್ಧವಾದ ನಂತರ ರಾವ್ ಅವರು ಅಮೆರಿಕ, ಕೆನಡಾ, ಐರ್ಲೆಂಡ್ ಮತ್ತು ಬ್ರಿಟನ್ ದೇಶಗಳಿಗೆ ಹೋಗಿ ಸಂವಿಧಾನ ತಜ್ಞರನ್ನು ಭೇಟಿಯಾದರು. ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರೊಡನೆ ನಡೆದ ಚರ್ಚೆ ಇವುಗಳಲ್ಲಿ ಪ್ರಮುಖವಾದುದು. ವ್ಯಕ್ತಿಸ್ವಾತಂತ್ರ್ಯಕ್ಕೆ ಸಂಬಂಧಿಸಿದ ವಿಧಿಯಲ್ಲಿ ಅಮೆರಿಕದ ಮಾದರಿಯ ಪದಗಳನ್ನು ಬಿಟ್ಟು, ಕಾನೂನಿನ ಮೂಲಕ ಸ್ಥಾಪಿತವಾದ ಕಾರ್ಯವಿಧಾನ ಎಂಬ ಅರ್ಥದ ಪದಗಳನ್ನು ಅಳವಡಿಸಲು ಈ ಚರ್ಚೆ ಒಂದು ಕಾರಣವಾಯಿತು. ಬರ್ಮಾ ದೇಶದ ಸಂವಿಧಾನದ ಕರಡು ರಚನೆಗೂ ರಾವ್ ನೆರವಾದರು.

ವಿಶ್ವಸಂಸ್ಥೆಯಲ್ಲಿ

1948ರಲ್ಲಿ ವಿಶ್ವಸಂಸ್ಥೆಯ ಮಹಾಸಭೆಗೆ ಭಾರತದ ನಿಯೋಗದ ಸದಸ್ಯರಾಗಿ ತೆರಳುವುದರೊಂದಿಗೆ ರಾವ್ ಅವರ ರಾಜತಾಂತ್ರಿಕ ಜೀವನ ಆರಂಭವಾಯಿತು. ಆಗ ಅವರಿಗೆ 61 ವರ್ಷ ವಯಸ್ಸು. 1949ರಲ್ಲಿ ವಿಶ್ವಸಂಸ್ಥೆಯ ಅಂತರರಾಷ್ಟ್ರೀಯ ಕಾನೂನು ಆಯೋಗದ ಸದಸ್ಯರಾದರು. 1950 ಮತ್ತು 1951ನೇ ಸಾಲಿಗೆ ಭಾರತವು ಭದ್ರತಾ ಮಂಡಳಿಯ ಕಾಯಂ ಅಲ್ಲದ ಸದಸ್ಯತ್ವ ಪಡೆದಾಗ, ಅಲ್ಲಿ ದೇಶವನ್ನು ಪ್ರತಿನಿಧಿಸಿದರು.

ಕೊರಿಯಾ ಯುದ್ಧ

ಭದ್ರತಾ ಮಂಡಳಿಯ ಅಧ್ಯಕ್ಷತೆ ಸದಸ್ಯ ರಾಷ್ಟ್ರಗಳಿಗೆ ತಿಂಗಳಿಗೊಂದರಂತೆ ಸರದಿಯಲ್ಲಿ ದೊರೆಯುತ್ತದೆ. 1950ರ ಜೂನ್ ತಿಂಗಳ ಸರದಿ ಭಾರತದ್ದಾಗಿತ್ತು. ಜೂನ್ 25ರಂದು ಉತ್ತರ ಕೊರಿಯಾದ ಸೇನೆ 38ನೇ ಅಕ್ಷಾಂಶ ರೇಖೆಯನ್ನು ದಾಟಿ ದಕ್ಷಿಣ ಕೊರಿಯಾವನ್ನು ಪ್ರವೇಶಿಸಿತು. ಅಂದೇ ನ್ಯೂಯಾರ್ಕ್ ಸಮೀಪದ ಲೇಕ್ ಸಕ್ಸೆಸ್‌ನಲ್ಲಿ ರಾವ್ ಅವರ ಅಧ್ಯಕ್ಷತೆಯಲ್ಲಿ ತುರ್ತು ಸಭೆ ಸೇರಿತು. ಚೀನಾದ ಸ್ಥಾನವನ್ನು ಕಮ್ಯುನಿಸ್ಟ್ ಸರ್ಕಾರಕ್ಕೆ ನೀಡಲಿಲ್ಲವೆಂದು ಪ್ರತಿಭಟಿಸಿ ಸೋವಿಯತ್ ಒಕ್ಕೂಟ ಸಭೆಗಳನ್ನು ಬಹಿಷ್ಕರಿಸಿದ್ದರಿಂದ ಅದರ ವಿಟೋ ಅಡ್ಡಿಯಾಗಲಿಲ್ಲ. ಕದನ ನಿಲ್ಲಿಸಿ ಉತ್ತರ ಕೊರಿಯಾದ ಸೇನೆ ಹಿಂದೆ ಸರಿಯಬೇಕೆಂಬ ನಿರ್ಣಯಕ್ಕೆ ಭಾರತ ಸೇರಿದಂತೆ 9 ರಾಷ್ಟ್ರಗಳು ಮತ ನೀಡಿದವು.

ಎರಡು ದಿನಗಳ ಬಳಿಕ ದಕ್ಷಿಣ ಕೊರಿಯಾಕ್ಕೆ ನೆರವು ನೀಡಲು ಸದಸ್ಯ ರಾಷ್ಟ್ರಗಳಿಗೆ ಕರೆ ಕೊಡುವ ನಿರ್ಣಯ ಮಂಡನೆಯಾಯಿತು. ದೆಹಲಿಯಿಂದ ಸೂಚನೆ ಬಂದಿಲ್ಲದ ಕಾರಣ ಅಧ್ಯಕ್ಷರಾಗಿದ್ದ ರಾವ್ ಮತದಾನದಲ್ಲಿ ಭಾಗವಹಿಸಲಿಲ್ಲ. ನಂತರ ಭಾರತ ಸರ್ಕಾರ ಈ ನಿರ್ಣಯವನ್ನು ಒಪ್ಪಿಕೊಂಡಿತು. ಆದರೆ ಜುಲೈ 7ರಂದು ಅಮೆರಿಕದ ನೇತೃತ್ವದಲ್ಲಿ ಸಂಯುಕ್ತ ಸೇನಾ ಕಮಾಂಡ್ ರಚಿಸುವ ನಿರ್ಣಯದ ಮತದಾನದಲ್ಲಿ ಭಾರತ ತಟಸ್ಥವಾಗಿ ಉಳಿಯಿತು. ಕೊರಿಯಾಕ್ಕೆ ಭಾರತ ಕಳುಹಿಸಿದ್ದು ಹೋರಾಡುವ ಪಡೆಯನ್ನಲ್ಲ, 60ನೇ ಪ್ಯಾರಾಚೂಟ್ ಫೀಲ್ಡ್ ಆಂಬುಲೆನ್ಸ್ ಎಂಬ ವೈದ್ಯಕೀಯ ಘಟಕವನ್ನು. ಆಗಸ್ಟ್‌ನಲ್ಲಿ ಮಂಡಳಿಯ ಕಾಯಂ ಅಲ್ಲದ ಸದಸ್ಯರ ಸಮಿತಿಯೊಂದು ಶಾಂತಿ ಪ್ರಸ್ತಾವಗಳನ್ನು ಪರಿಶೀಲಿಸಲಿ ಎಂದು ರಾವ್ ಸೂಚಿಸಿದರಾದರೂ ಅದು ಕೈಗೂಡಲಿಲ್ಲ.

ವರ್ಷಾಂತ್ಯದಲ್ಲಿ ಚೀನಾದ ಪಡೆಗಳು ದೊಡ್ಡ ಪ್ರಮಾಣದಲ್ಲಿ ಯುದ್ಧಕ್ಕಿಳಿದವು. ಏಷ್ಯಾ ಮತ್ತು ಅರಬ್ ವಲಯದ 13 ರಾಷ್ಟ್ರಗಳ ಪ್ರಯತ್ನದ ಫಲವಾಗಿ ಡಿಸೆಂಬರ್ 14ರಂದು ಮಹಾಸಭೆಯು ಕದನವಿರಾಮಕ್ಕಾಗಿ ಮೂವರ ಸಮಿತಿಯನ್ನು ರಚಿಸಿತು. ಮಹಾಸಭೆಯ ಅಧ್ಯಕ್ಷರಾಗಿದ್ದ ಇರಾನಿನ ನಸ್ರೊಲ್ಲಾ ಎಂತೆಜಾಮ್, ಕೆನಡಾದ ಲೆಸ್ಟರ್ ಪಿಯರ್‌ಸನ್ ಹಾಗೂ ರಾವ್ ಇದರ ಸದಸ್ಯರು. ಸಮಿತಿ ರೂಪಿಸಿದ ಐದು ತತ್ವಗಳು ತಕ್ಷಣದ ಕದನವಿರಾಮ, ವಿದೇಶಿ ಪಡೆಗಳ ಹಂತಹಂತದ ನಿರ್ಗಮನ ಹಾಗೂ ದೂರಪ್ರಾಚ್ಯದ ಸಮಸ್ಯೆಗಳ ಕುರಿತ ಮಾತುಕತೆಯನ್ನು ಒಳಗೊಂಡಿದ್ದವು. ಮಾತುಕತೆಗೆ ಮೊದಲು ಕದನವಿರಾಮ ಆಗಬೇಕೆಂಬುದನ್ನು ಒಪ್ಪದ ಚೀನಾ 1951ರ ಜನವರಿ 17ರಂದು ಅವುಗಳನ್ನು ತಿರಸ್ಕರಿಸಿತು.

ಚೀನಾವನ್ನು ಆಕ್ರಮಣಕಾರಿ ಎಂದು ಘೋಷಿಸುವ ಅಮೆರಿಕದ ನಿರ್ಣಯವನ್ನು ರಾವ್ ವಿರೋಧಿಸಿದರು. ಇಂಥ ಘೋಷಣೆಯಿಂದ ಸಂಧಾನದ ಬಾಗಿಲು ಮುಚ್ಚುವುದೆಂಬುದು ಭಾರತದ ನಿಲುವಾಗಿತ್ತು. 1951ರ ಫೆಬ್ರವರಿ 1ರಂದು 44 ಮತಗಳಿಂದ ನಿರ್ಣಯ ಅಂಗೀಕಾರವಾಯಿತು. ವಿರುದ್ಧ ಬಿದ್ದ 7 ಮತಗಳಲ್ಲಿ 5 ಸೋವಿಯತ್ ಬಣದವು. ಆ ಬಣದ ಹೊರಗಿನಿಂದ ವಿರೋಧಿಸಿದ ದೇಶಗಳು ಭಾರತ ಮತ್ತು ಬರ್ಮಾ ಮಾತ್ರ. ಯುದ್ಧವು 1953ರ ಜುಲೈವರೆಗೂ ಮುಂದುವರಿಯಿತು.

ಕಾಶ್ಮೀರ ಮತ್ತು ಇತರ ವಿಷಯಗಳು

ಒಂದು ಕಾಲದಲ್ಲಿ ಕಾಶ್ಮೀರದ ಪ್ರಧಾನಮಂತ್ರಿಯಾಗಿದ್ದ ರಾವ್, ಭದ್ರತಾ ಮಂಡಳಿಯಲ್ಲಿ ಕಾಶ್ಮೀರ ಪ್ರಶ್ನೆಯ ಮೇಲೆ ಭಾರತದ ವಾದವನ್ನು ಮಂಡಿಸಿದರು. ಆ ರಾಜ್ಯದಲ್ಲಿ ಸೇರಲಿದ್ದ ಸಂವಿಧಾನ ಸಭೆಯು ತನ್ನ ಅಭಿಪ್ರಾಯ ತಿಳಿಸಬಹುದಾದರೂ, ಅದರಿಂದ ಮಂಡಳಿಯ ಮುಂದಿರುವ ವಿಷಯಕ್ಕೆ ಬಾಧೆಯಾಗದು ಎಂಬ ಭಾರತದ ನಿಲುವನ್ನು 1951ರ ಮಾರ್ಚ್‌ನಲ್ಲಿ ವಿವರಿಸಿದರು. 1950ರಲ್ಲಿ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಸ್ಥಾನಕ್ಕೆ ಪರಿಗಣಿಸಲಾದ ಹೆಸರುಗಳಲ್ಲಿ ಇವರದೂ ಒಂದಾಗಿತ್ತು. ಆದರೆ ಅಮೆರಿಕದ ಪಟ್ಟಿನಿಂದಾಗಿ ಟ್ರಿಗ್ವೆ ಲೀ ಅವರ ಅವಧಿಯನ್ನೇ ವಿಸ್ತರಿಸಲಾಯಿತು.

ಅಂತರರಾಷ್ಟ್ರೀಯ ನ್ಯಾಯಾಲಯ

1952ರ ಫೆಬ್ರವರಿಯಲ್ಲಿ ರಾವ್ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾಗಿ ಅಧಿಕಾರ ಸ್ವೀಕರಿಸಿದರು. ಆ ವರ್ಷ ವಿಚಾರಣೆಗೆ ಬಂದ ಆಂಗ್ಲೋ-ಇರಾನಿಯನ್ ತೈಲ ಕಂಪನಿ ಪ್ರಕರಣದಲ್ಲಿ ಅವರು ಪೀಠದಲ್ಲಿ ಕುಳಿತುಕೊಳ್ಳಲಿಲ್ಲ. ಬ್ರಿಟನ್‌ನ ದೂರು ಮೊದಲು ಭದ್ರತಾ ಮಂಡಳಿಯ ಮುಂದೆ ಬಂದಾಗ ಭಾರತದ ಪ್ರತಿನಿಧಿಯಾಗಿ ಅದರ ಚರ್ಚೆಯಲ್ಲಿ ಪಾಲ್ಗೊಂಡಿದ್ದುದೇ ಇದಕ್ಕೆ ಕಾರಣ.

ನಿಧನ ಮತ್ತು ಸ್ಮರಣೆ

ನ್ಯಾಯಾಲಯದಲ್ಲಿ ಎರಡು ವರ್ಷ ತುಂಬುವ ಮೊದಲೇ ಅನಾರೋಗ್ಯಕ್ಕೆ ಒಳಗಾದ ರಾವ್, 1953ರ ನವೆಂಬರ್ 30ರಂದು ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲಿ ನಿಧನರಾದರು. ತೆರವಾದ ಸ್ಥಾನಕ್ಕೆ ಪಾಕಿಸ್ತಾನದ ಸರ್ ಮೊಹಮ್ಮದ್ ಜಫರುಲ್ಲಾ ಖಾನ್ ಆಯ್ಕೆಯಾದರು. ಭದ್ರತಾ ಮಂಡಳಿಯ ಕಾಶ್ಮೀರ ಚರ್ಚೆಗಳಲ್ಲಿ ಪಾಕಿಸ್ತಾನದ ಪರವಾಗಿ ವಾದಿಸಿದ್ದವರು ಅವರೇ. ಸಂವಿಧಾನ ರಚನೆಗೆ ಸಂಬಂಧಿಸಿದ ರಾವ್ ಅವರ ಟಿಪ್ಪಣಿಗಳನ್ನು ಸಹೋದರ ಶಿವ ರಾವ್ ಸಂಪಾದಿಸಿ, 'ಇಂಡಿಯಾಸ್ ಕಾನ್ಸ್ಟಿಟ್ಯೂಷನ್ ಇನ್ ದ ಮೇಕಿಂಗ್' ಎಂಬ ಹೆಸರಿನಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದರು. ಜನ್ಮಶತಮಾನೋತ್ಸವದ ನೆನಪಿಗಾಗಿ ಭಾರತ ಸರ್ಕಾರವು 1988ರಲ್ಲಿ ಇವರ ಅಂಚೆಚೀಟಿಯನ್ನು ಹೊರತಂದಿತು.